ಮಜ್ಜಿಗೆಯೊಳಗಿನ ಗುಳಿಗೆ

“ಸರ, ಪೇಟಿ ಕೈಗೆ ಕೊಟ್ರ ಸುಮ್ಮನ ಕುಂದ್ರತಾನ್ರಿ. ಗುಳಿಗಿ ಅಂದ್ರ ಎದ್ದು ಹೊಕ್ಕಾನ. ಪೇಟಿಯಿಂದನ ಆರಾಮ ಆಗಂಗಿಲ್ಲೇನ್ರಿ?”

ಸಿರುಗುಪ್ಪದ ಕಡೆಯಿಂದ ತಮ್ಮನನ್ನು ಬಳ್ಳಾರಿಗೆ ಕರೆತಂದಿದ್ದ ಅಣ್ಣನ ಪ್ರಶ್ನೆ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಭಜನೆಗೆ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಿದ್ದ ಹುಡುಗ ಆರು ತಿಂಗಳಿಂದ ಬಸ್ ನಿಲ್ದಾಣದಲ್ಲೇ ಮಲಗುತ್ತಿದ್ದ. ಸುತ್ತ ಯಾರೂ ಇಲ್ಲದಾಗಲೂ ಬೈಯುವ ದನಿಗಳು ಕೇಳಿಸುತ್ತಿದ್ದವು. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ.

2009ರ ‘ದಿ ಸೋಲೋಯಿಸ್ಟ್’ ಸಿನಿಮಾದಲ್ಲೂ ಇದೇ ಪ್ರಶ್ನೆ. ಲಾಸ್ ಏಂಜಲೀಸ್‌ನ ಬೀದಿಯಲ್ಲಿ ಎರಡೇ ತಂತಿಯ ಪಿಟೀಲು ನುಡಿಸುವ ನಥಾನಿಯಲ್ ಏಯರ್ಸ್, ಅವರ ಬಗ್ಗೆ ಬರೆಯುವ ಪತ್ರಕರ್ತ ಸ್ಟೀವ್ ಲೋಪೆಜ್. ಇಬ್ಬರೂ ನಿಜದ ಮನುಷ್ಯರು. ಏಯರ್ಸ್ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಓದುವಾಗಲೇ ಕಾಯಿಲೆ ಬಿದ್ದವರು. (ಅಲ್ಲಿ ಕಲಿತದ್ದು ಡಬಲ್ ಬಾಸ್, ಸಿನಿಮಾದವರಿಗೆ ಚೆಲ್ಲೋ ಚೆಂದ ಕಂಡಿರಬೇಕು.) ಸಂಗೀತ ಕಾಯಿಲೆ ವಾಸಿ ಮಾಡಿತೆಂಬ ಸುಳ್ಳನ್ನು ಸಿನಿಮಾ ಹೇಳುವುದಿಲ್ಲ. ನನ್ನನ್ನು ಹಿಡಿದದ್ದು ಸಿಟ್ಟಿನ ದೃಶ್ಯ: ತನ್ನನ್ನು ಕೇಳದೆ ತಯಾರಾದ ಕಾಗದದಲ್ಲಿ ಕಾಯಿಲೆಯ ಹೆಸರು ಓದಿದ ಏಯರ್ಸ್ ಗೆಳೆಯನ ಮೇಲೇ ಏರಿಹೋಗುತ್ತಾರೆ.

ನಮ್ಮಲ್ಲಿ ಕಾಗದದ ಬದಲು ಮಜ್ಜಿಗೆ. ಗುಳಿಗೆ ಅರೆದು ಅದರಲ್ಲಿ ಬೆರೆಸುವುದು ಎಷ್ಟೋ ಮನೆಗಳ ಉಪಾಯ. ಈ ಹುಡುಗ ಮನೆ ಬಿಟ್ಟದ್ದು ಲೋಟದ ತಳದಲ್ಲಿ ಬಿಳಿ ಪುಡಿ ಕಂಡ ದಿನ. ವಿಷ ಹಾಕುತ್ತಾರೆಂದು ಮೊದಲೇ ಅನುಮಾನವಿದ್ದವನಿಗೆ ಅಣ್ಣನೇ ಸಾಕ್ಷಿ ಒದಗಿಸಿದಂತಾಗಿತ್ತು.

ಗುಳಿಗೆ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲವೆಂದು ತೋರಿಸಿದ್ದೇ ಬಳ್ಳಾರಿ. 1985ರಿಂದ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಇಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟಿತು; 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಬೀದಿಯಲ್ಲಿ ಅಲೆಯುವ ರೋಗಿಯನ್ನು ಲಾಕಪ್ಪಿಗೆ ಹಾಕದೆ, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಪೊಲೀಸರು ತಲುಪಿಸಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ. ಊರಿಗೆ ಬಂದ ಗುಳಿಗೆ ಬಾಯಿಗೆ ಹೋಗುವುದು ಬೇರೆ ಮಾತು.

ಎರಡು ಭೇಟಿ ಔಷಧದ ಸುದ್ದಿಯೇ ಎತ್ತಲಿಲ್ಲ. ಮೂರನೆಯದರಲ್ಲಿ ಅವನೇ “ನಿದ್ದಿ ಬರವಲ್ದು” ಅಂದ. ರಿಸ್ಪೆರಿಡೋನ್ ಹೆಸರು ಹೇಳಿದೆ, ನಿದ್ದೆಗಷ್ಟೇ ಅಲ್ಲ, ದನಿಗಳಿಗೂ ಎಂದೆ. ಕೈ ನಡುಗಬಹುದು, ಮೈ ಬಿಗಿಯಬಹುದು ಎಂಬುದನ್ನೂ ಮುಚ್ಚಿಡಲಿಲ್ಲ.

“ಬಟ್ಟು ಬಿಗಿ ಆದ್ರ ಪೇಟಿ ಹೆಂಗ ಬಾರಸ್ಲಿ?”

ನ್ಯಾಯವಾದ ಪ್ರಶ್ನೆ. ಕಡಿಮೆ ಪ್ರಮಾಣದಿಂದ ಶುರುಮಾಡಿದೆವು. ಬಂದಾಗಲೆಲ್ಲ ಪೇಟಿ ತರಬೇಕು, ನುಡಿಸಿ ತೋರಿಸಬೇಕು ಎಂಬ ಕರಾರು. ಮಣಿಕಟ್ಟು ಹಿಡಿದು ನೋಡಿದಾಗ ನನಗೆ ಬಿಗಿತವೇನೂ ಸಿಗದಿದ್ದರೂ ದ್ರುತದಲ್ಲಿ, ಅಂದರೆ ವೇಗದ ಲಯದಲ್ಲಿ, ಉಂಗುರಬೆರಳು ಹಿಂದೆ ಬಿದ್ದದ್ದು ಕೇಳಿಸಿತು. ಆ ದಿನ ಗುಳಿಗೆ ಅರ್ಧ ಮಾಡಿದೆ.