ನಾಲಿಗೆ ನೋಡಿ ಹೇಳುವ 'ಝೆಂಗ್' ಲ್ಯಾಬಿನಲ್ಲಿ ಸಿಗುತ್ತಾ?

ಓದುಗರ ಪ್ರಶ್ನೆ: ಚೀನಾದಲ್ಲಿ ಕ್ಯಾನ್ಸರ್ ರೋಗಿಗಳನ್ನು ಅಲ್ಲಿನ ಹಳೆಯ ವೈದ್ಯಪದ್ಧತಿಯ 'ಸಿಂಡ್ರೋಮ್' ಪ್ರಕಾರ ಗುಂಪು ಮಾಡಿ ಸಂಶೋಧನೆ ಮಾಡುತ್ತಾರಂತೆ. ಕ್ಯಾನ್ಸರ್ ಒಂದೇ ಆದ ಮೇಲೆ ಈ ಬೇರೆ ಬೇರೆ ಹೆಸರು ಯಾಕೆ? ನಾಡಿ, ನಾಲಿಗೆಯನ್ನೆಲ್ಲ ಲ್ಯಾಬಿನಲ್ಲಿ ಅಳೆಯೋಕಾಗುತ್ತಾ?

ಉತ್ತರ: ಮೊದಲು ಈ 'ಸಿಂಡ್ರೋಮ್' ಪದದ ಗೊಂದಲ ಬಿಡಿಸಿಕೊಳ್ಳೋಣ. ಚೀನೀ ವೈದ್ಯರ ಪದ 'ಝೆಂಗ್'. ಅದರ ಮೂಲ ಅರ್ಥ ಸಾಕ್ಷಿ, ಪುರಾವೆ. ಇಂಗ್ಲಿಷಿಗೆ ಹೋಗುವಾಗ ಅದು ಸಿಂಡ್ರೋಮ್ ಆಯಿತು. ಡೌನ್ ಸಿಂಡ್ರೋಮ್ ಅನ್ನುವಾಗಿನ ಸಿಂಡ್ರೋಮ್ ಇದಲ್ಲ. ಅದು ಹುಟ್ಟಿನಿಂದ ಬಂದದ್ದು. ಝೆಂಗ್ ಇವತ್ತಿನದು, ಮುಂದಿನ ತಿಂಗಳು ಬದಲಾಗಬಹುದು.

ನಮಗೆ ಇದು ತೀರಾ ಹೊಸದೇನಲ್ಲ. ಬಾಯಿಹುಣ್ಣಾದರೆ 'ಉಷ್ಣ ಆಗಿದೆ, ಮಜ್ಜಿಗೆ ಕುಡಿ' ಅನ್ನುತ್ತೇವೆ. ಥರ್ಮಾಮೀಟರ್ ಇಟ್ಟು ನೋಡಿದರೆ ಜ್ವರ ಇರುವುದಿಲ್ಲ. ಉಷ್ಣ ಅನ್ನೋದು ರೋಗದ ಹೆಸರಲ್ಲ, ಮೈ ಇರುವ ರೀತಿಗೆ ಇಟ್ಟ ಹೆಸರು. ಝೆಂಗ್ ಕೂಡ ಅಂಥದ್ದೇ. ಹಾಗಂತ ವಾತ, ಪಿತ್ತ, ಕಫವನ್ನು ಅದರ ಜೊತೆ ಜೋಡಿ ಮಾಡಲು ಹೋಗಬೇಡಿ. ಲೆಕ್ಕ ತಪ್ಪುತ್ತದೆ.

ಇಬ್ಬರಿಗೆ ಜಠರದ ಕ್ಯಾನ್ಸರ್ ಇದೆ ಅಂದುಕೊಳ್ಳಿ. ಬಯಾಪ್ಸಿ ರಿಪೋರ್ಟ್ ಒಂದೇ, ಹಂತವೂ ಒಂದೇ. ಮೊದಲನೆಯವರಿಗೆ ಸುಸ್ತು, ಊಟ ಸೇರುವುದಿಲ್ಲ, ಮಲ ತೆಳ್ಳಗೆ. ನಾಲಿಗೆ ಬಿಳಿಚಿ, ಊದಿಕೊಂಡಿದೆ. ಅಂಚಿನಲ್ಲಿ ಹಲ್ಲಿನ ಗುರುತು ಸಾಲಾಗಿ ಕಾಣುತ್ತದೆ. ಇದಕ್ಕೆ ಚೀನೀ ವೈದ್ಯರು 'ಗುಲ್ಮದ (ಸ್ಪ್ಲೀನ್) ಚೀ ಕೊರತೆ' ಅನ್ನುತ್ತಾರೆ. ಚೀ ಅಂದರೆ ಅವರ ಲೆಕ್ಕದಲ್ಲಿ ಮೈ ನಡೆಸುವ ಶಕ್ತಿ. ಗುಲ್ಮ ಅಂದರೆ ಸರ್ಜನ್ ಕೈಗೆ ಸಿಗುವ ಅಂಗವಲ್ಲ, ತಿಂದದ್ದನ್ನು ಮೈಗೆ ಹತ್ತಿಸುವ ಕೆಲಸಕ್ಕೆ ಅವರಿಟ್ಟ ಹೆಸರು. ಎರಡನೆಯವರಿಗೆ ಒಂದೇ ಜಾಗದಲ್ಲಿ ಚುಚ್ಚುವ ನೋವು. ನಾಲಿಗೆ ನೇರಳೆ ಬಣ್ಣ. ನಾಲಿಗೆ ಮೇಲೆತ್ತಿಸಿದರೆ ಅಡಿಯ ರಕ್ತನಾಳ ಉಬ್ಬಿ ಕಪ್ಪಗಿದೆ. ಇದು 'ರಕ್ತ ಕಟ್ಟಿದ' ಝೆಂಗ್. ಕ್ಯಾನ್ಸರ್ ಒಂದೇ, ಕೊಡುವ ಕಷಾಯ ಬೇರೆ. 'ಒಂದೇ ರೋಗ, ಬೇರೆ ಮದ್ದು' ಅನ್ನೋದು ಅವರ ಹಳೆಯ ಸೂತ್ರ.

ಇನ್ನು ಅಳೆಯೋದು. 'ರಕ್ತ ಕಟ್ಟಿದ' ಝೆಂಗ್ ಸಂಶೋಧಕರಿಗೆ ತುಂಬಾ ಇಷ್ಟ. ಕಾರಣ ಇದೆ. ಕ್ಯಾನ್ಸರ್ ಇರುವವರಲ್ಲಿ ರಕ್ತ ಹೆಪ್ಪುಗಟ್ಟುವುದು ಜಾಸ್ತಿ ಅನ್ನೋದು ಪಾಶ್ಚಾತ್ಯ ವೈದ್ಯಕ್ಕೂ ಹಳೆಯ ವಿಷಯ. ಫ್ರಾನ್ಸಿನ ಅರ್ಮಾಂದ್ ಟ್ರೂಸೋ 1865ರಲ್ಲೇ ಇದನ್ನು ಹೇಳಿದ್ದರು. ಆಮೇಲೆ ಅವರ ರಕ್ತನಾಳದಲ್ಲೇ ಹೆಪ್ಪು ಕಾಣಿಸಿಕೊಂಡಿತು. ತನಗಿರುವುದು ಏನೆಂದು ಅವರಿಗೆ ಆಗಲೇ ಗೊತ್ತಾಯಿತು. 1867ರಲ್ಲಿ ಜಠರದ ಕ್ಯಾನ್ಸರ್‌ನಿಂದಲೇ ತೀರಿಕೊಂಡರು. ಇವತ್ತು ಅದನ್ನು ನೋಡಲು ಡಿ-ಡೈಮರ್ ಪರೀಕ್ಷೆ ಇದೆ, ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಯವಾದ ಅದೇ ಹೆಸರು. ಹಾಗಾಗಿ ನೇರಳೆ ನಾಲಿಗೆಯವರಲ್ಲಿ ಡಿ-ಡೈಮರ್, ಪ್ಲೇಟ್‌ಲೆಟ್, ರಕ್ತದ ದಪ್ಪ ಹೇಗಿದೆ ಅಂತ ಹೋಲಿಸಿ ನೋಡಬಹುದು. ಎಲ್ಲ ಝೆಂಗ್‌ಗೂ ಇಷ್ಟು ಸುಲಭದ ಹಿಡಿ ಸಿಗುವುದಿಲ್ಲ.

ನಾಲಿಗೆಯ ಮೇಲಿನ ಪದರವನ್ನೂ ಬಿಟ್ಟಿಲ್ಲ. 2012ರಲ್ಲಿ ಬೀಜಿಂಗ್‌ನ ಚಿಂಗ್‌ಹುವಾ ವಿಶ್ವವಿದ್ಯಾಲಯದ ತಂಡ ಜಠರದ ಉರಿಯೂತ ಇದ್ದ 19 ಜನರ ನಾಲಿಗೆ ಕೆರೆದು, ಅದರಲ್ಲಿನ ಬ್ಯಾಕ್ಟೀರಿಯಾಗಳ ಡಿಎನ್‌ಎ ಓದಿತು. ಬಿಳಿ ಪದರ ಇದ್ದವರನ್ನು 'ಶೀತ', ಹಳದಿ ಪದರ ಇದ್ದವರನ್ನು 'ಉಷ್ಣ' ಎಂದು ವಿಂಗಡಿಸಿತ್ತು. ಎರಡು ಗುಂಪಿನ ಬ್ಯಾಕ್ಟೀರಿಯಾಗಳಲ್ಲಿ ವ್ಯತ್ಯಾಸ ಕಂಡಿತು. ಕುತೂಹಲದ ಸಂಗತಿಯೇ. ಆದರೆ 19 ಜನ ಅಂದರೆ ಒಂದು ಮಿನಿ ಬಸ್ಸೂ ತುಂಬುವುದಿಲ್ಲ.

ಇಲಿಗಳ ಕಥೆ ಇನ್ನೂ ಮಜವಾಗಿದೆ. ಇಲಿಯ ನಾಡಿ ನಿಮಿಷಕ್ಕೆ 500ಕ್ಕೂ ಜಾಸ್ತಿ ಬಡಿಯುತ್ತದೆ. ಮೂರು ಬೆರಳಿಟ್ಟು ನೋಡಲು ಕೈಯಾದರೂ ಎಲ್ಲಿದೆ? 'ಎಲ್ಲಿ ನೋವು?' ಅಂತ ಕೇಳುವ ಹಾಗೂ ಇಲ್ಲ. ಹಾಗಾಗಿ ಝೆಂಗ್ ಅನ್ನು ಇಲಿಯಲ್ಲಿ ಹುಡುಕುವುದಿಲ್ಲ, ತಯಾರಿಸುತ್ತಾರೆ. 1963ರಲ್ಲಿ ಶಾಂಘೈನ ಕ್ವಾಂಗ್ ಆನ್‌ಕುನ್ ಅವರ ತಂಡ ಇಲಿಗಳಿಗೆ ಜಾಸ್ತಿ ಪ್ರಮಾಣದ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ಅವು ಮಂಕಾಗಿ, ಸೊರಗಿದವು. ಇದು 'ಯಾಂಗ್ ಕೊರತೆ'ಯ, ಅಂದರೆ ಅವರ ಲೆಕ್ಕದಲ್ಲಿ ಮೈ ಬೆಚ್ಚಗಿಡುವ ಶಕ್ತಿ ಕುಂದಿದ, ರೋಗಿಯ ಹಾಗಿದೆಯಲ್ಲ ಅಂತ ಅವರಿಗೆ ಹೊಳೆಯಿತು. ಅಲ್ಲಿಂದ ಈ ದಾರಿ ಶುರುವಾಯಿತು. 'ಗುಲ್ಮದ ಕೊರತೆ' ಬೇಕಾದರೆ ರೂಬಾರ್ಬ್ ಬೇರಿನ ಕಷಾಯ ಕುಡಿಸಿ ಭೇದಿ ಮಾಡಿಸುತ್ತಾರೆ, ಇಲ್ಲವೇ ರಿಸರ್ಪಿನ್ ಎಂಬ ಹಳೆಯ ಬಿಪಿ ಔಷಧ ಚುಚ್ಚುತ್ತಾರೆ. ಆಮೇಲೆ ಆ ಇಲಿಗೆ ಕ್ಯಾನ್ಸರ್ ಗಡ್ಡೆ ಕಸಿ ಮಾಡಿ, ಗಡ್ಡೆ ಹೇಗೆ ಬೆಳೆಯುತ್ತದೆ ಅಂತ ನೋಡುತ್ತಾರೆ. ನನ್ನ ತಕರಾರು ಇಲ್ಲೇ. ಭೇದಿಯಾಗಿ ಬಳಲಿದ ಇಲಿಯನ್ನು ಬಳಲಿದ ಇಲಿ ಅನ್ನಬಹುದು. ಅದಕ್ಕೆ ಝೆಂಗ್ ಇದೆ ಅನ್ನಲು ಇನ್ನೂ ಏನಾದರೂ ಬೇಕಲ್ವಾ?

ಆದರೂ ನನ್ನ ಪ್ರಕಾರ ದೊಡ್ಡ ತೊಡಕು ಇಲಿಯಲ್ಲೂ ಇಲ್ಲ, ಜೀನ್‌ನಲ್ಲೂ ಇಲ್ಲ. ಅದು ಹೆಸರಿಡುವ ಹಂತದಲ್ಲೇ ಇದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಸಂಧಿವಾತದ ಸುಮಾರು 40 ರೋಗಿಗಳನ್ನು ಮೂವರು ಚೀನೀ ವೈದ್ಯರಿಗೆ ಬೇರೆ ಬೇರೆಯಾಗಿ ತೋರಿಸಿದರು. ಇಬ್ಬಿಬ್ಬರ ಅಭಿಪ್ರಾಯ ಹೊಂದಿದ್ದು ಮೂರನೇ ಒಂದು ಭಾಗಕ್ಕಿಂತ ಕಡಿಮೆ ರೋಗಿಗಳಲ್ಲಿ. ಇದು ಕ್ಯಾನ್ಸರ್ ಅಧ್ಯಯನವಲ್ಲ, ನಿಜ. ಆದರೆ ಪಾಠ ಇಲ್ಲಿಗೂ ಅನ್ವಯಿಸುತ್ತದೆ. ಒಬ್ಬರು 'ಚೀ ಕೊರತೆ' ಎಂದವರನ್ನೇ ಪಕ್ಕದವರು 'ರಕ್ತ ಕಟ್ಟಿದೆ' ಎಂದರೆ, ಆ ಗುಂಪುಗಳ ಜೀನ್ ಓದಿ ಏನು ಸಿಕ್ಕೀತು? ಯಂತ್ರ ಎಷ್ಟು ದುಬಾರಿಯಾದರೂ ಅಷ್ಟೇ. ಅದಕ್ಕೇ ಈಗ ಅಂಕ ಕೊಡುವ ಪ್ರಶ್ನಾವಳಿ, ಒಂದೇ ಬೆಳಕಿನಲ್ಲಿ ತೆಗೆದ ನಾಲಿಗೆಯ ಫೋಟೋ, ಅದನ್ನು ಓದುವ ಕಂಪ್ಯೂಟರ್ ಇವುಗಳ ಮೇಲೆ ಕೆಲಸ ನಡೆದಿದೆ. ವೈದ್ಯರನ್ನು ಮೊದಲೇ ಒಟ್ಟಿಗೆ ಕೂರಿಸಿ ತರಬೇತಿ ಕೊಟ್ಟರೆ ಒಮ್ಮತ ಹೆಚ್ಚುತ್ತದೆ ಅನ್ನೋದೂ ಕಂಡುಬಂದಿದೆ.

ಇನ್ನೊಂದು ಸಿಕ್ಕು ಕೀಮೋ. ಕೀಮೋ ಮುಗಿಸಿ ಬಂದವರಿಗೆ ಸುಸ್ತು, ವಾಂತಿ, ಭೇದಿ, ಬಿಳಿಚಿದ ನಾಲಿಗೆ ಸಾಮಾನ್ಯ. ಹಾಗಾದರೆ ಅವರ 'ಚೀ ಕೊರತೆ' ಕ್ಯಾನ್ಸರ್‌ನದ್ದೋ, ಔಷಧದ್ದೋ? ಯಾವ ದಿನ ನಾಲಿಗೆ ನೋಡಿದರು ಅನ್ನೋದನ್ನೇ ಬರೆಯದ ಅಧ್ಯಯನವನ್ನು ನಾನಂತೂ ಅಲ್ಲಿಗೇ ಮುಚ್ಚಿಡುತ್ತೇನೆ.

'ಆರ್ಸೆನಿಕ್‌ನಿಂದ ರಕ್ತದ ಕ್ಯಾನ್ಸರ್ ವಾಸಿ ಮಾಡಿದ್ದು ಚೀನೀ ವೈದ್ಯವೇ ಅಲ್ವಾ?' ಅಂತ ನೀವು ಕೇಳಬಹುದು. ಹೌದು. 1970ರ ದಶಕದಲ್ಲಿ ಚೀನಾದ ಹಾರ್ಬಿನ್ ನಗರದ ವೈದ್ಯ ಝಾಂಗ್ ಟಿಂಗ್‌ಡಾಂಗ್ ಮತ್ತು ಸಂಗಡಿಗರು ಒಂದು ನಾಟಿ ಮದ್ದಿನ ಜಾಡು ಹಿಡಿದು ಅಲ್ಲಿಗೆ ತಲುಪಿದರು. 2000ದಲ್ಲಿ ಅಮೆರಿಕದಲ್ಲೂ ಒಪ್ಪಿಗೆ ಸಿಕ್ಕಿತು. ಒಂದು ಬಗೆಯ ಲ್ಯುಕೇಮಿಯಾಕ್ಕೆ ಅದು ಇವತ್ತು ಮುಖ್ಯ ಔಷಧ. ಆದರೆ ಅದನ್ನು ಕೊಡುವ ಮುನ್ನ ಯಾರೂ ಝೆಂಗ್ ನೋಡುವುದಿಲ್ಲ, ಜೀನ್ ಪರೀಕ್ಷೆ ನೋಡುತ್ತಾರೆ. ಗೆದ್ದದ್ದು ಒಂದು ರಾಸಾಯನಿಕ, ವಿಂಗಡಣೆಯ ಪದ್ಧತಿಯಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಈ ಝೆಂಗ್‌ಗಳಿಗೆ ಕೋಡ್ ಸಿಕ್ಕಿದೆ. ಅದು 2022ರ ಜನವರಿಯಿಂದ ಜಾರಿಯಲ್ಲಿದೆ. 2024ರಲ್ಲಿ ಆಯುರ್ವೇದ, ಸಿದ್ಧ, ಯುನಾನಿಗೂ ಇಂಥದ್ದೇ ವಿಭಾಗ ಬಂತು. ಕೋಡ್ ಎಣಿಸಲು ಅನುಕೂಲ, ಅಷ್ಟೇ. ಸಾವಿನ ಕಾರಣ ಬರೆಯಲು ಈ ವಿಭಾಗ ಬಳಸುವ ಹಾಗಿಲ್ಲ.

ಕೊನೆಗೆ, ಇದನ್ನು ಕೇಳಿದವರ ಮನೆಯಲ್ಲಿ ರೋಗಿ ಇದ್ದರೆ ಒಂದು ಮಾತು. ಝೆಂಗ್ ಕ್ಯಾನ್ಸರ್ ಪತ್ತೆ ಮಾಡುವುದಿಲ್ಲ, ಹಂತವನ್ನೂ ಹೇಳುವುದಿಲ್ಲ. 'ರಕ್ತ ಕಟ್ಟಿದ್ದಕ್ಕೆ' ಕೊಡುವ ಡಾನ್‌ಶೆನ್ ಬೇರು, ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಯಾವುದೇ ಗಿಡಮೂಲಿಕೆ ತೆಗೆದುಕೊಳ್ಳುತ್ತಿದ್ದರೂ ಮುಚ್ಚಿಡಬೇಡಿ. ಮುಂದಿನ ಸಲ ಆಂಕಾಲಜಿಸ್ಟ್ ಹತ್ತಿರ ಹೋಗುವಾಗ ಆ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ.