ನಾಟಕ ವಿಮರ್ಶೆಯಿಂದ ಜೈಲಿನ ನೋಟ್‌ಬುಕ್‌ವರೆಗೆ: ಪತ್ರಕರ್ತ ಗ್ರಾಮ್ಶಿ

ನಮ್ಮ ವಿಚಾರ ಸಂಕಿರಣಗಳಲ್ಲಿ ‘ಯಜಮಾನಿಕೆ’ (ಹೆಜೆಮನಿ, ಅಂದರೆ ಆಳುವವರು ಬರೀ ಬಲದಿಂದಲ್ಲ, ಜನರ ಒಪ್ಪಿಗೆಯಿಂದಲೂ ಆಳುವುದು) ಅನ್ನುವ ಮಾತು ಬಂದರೆ ಸಾಕು, ಅದರ ಬೆನ್ನಿಗೇ ಇಟಲಿಯ ಮಾರ್ಕ್ಸ್‌ವಾದಿ ಚಿಂತಕ ಆಂಟೋನಿಯೊ ಗ್ರಾಮ್ಶಿ ಹೆಸರೂ ಬರುತ್ತದೆ. ಬಂದಾಗ ಎದುರಿಗೆ ಕೂತವರು ಸ್ವಲ್ಪ ಗಾಬರಿಯಾಗುವುದೂ ಉಂಟು. ಏನೋ ಭಾರೀ ತತ್ವಶಾಸ್ತ್ರ ಶುರುವಾಯಿತು ಅಂತ. ಆದರೆ ಈ ಮನುಷ್ಯ ಹೊಟ್ಟೆಪಾಡಿಗೆ ಮಾಡಿದ್ದು ಪತ್ರಿಕೆ ಕೆಲಸ. ಬದುಕಿದ್ದಾಗ ಒಂದು ಪುಸ್ತಕವನ್ನೂ ಪ್ರಕಟಿಸಲಿಲ್ಲ. ಜೈಲಿನಲ್ಲಿ ಅವರು ಬರೆದದ್ದರ ಬೇರು ಹುಡುಕಬೇಕಾದರೆ ಟುರಿನ್ ನಗರದ ಹಳೇ ಪತ್ರಿಕೆಗಳನ್ನು ಓದಬೇಕು.

ಗ್ರಾಮ್ಶಿ ಹುಟ್ಟಿದ್ದು 1891ರಲ್ಲಿ, ಇಟಲಿಯ ಬಡ ದ್ವೀಪ ಸಾರ್ಡಿನಿಯಾದಲ್ಲಿ. ಏಳು ಮಕ್ಕಳಲ್ಲಿ ನಾಲ್ಕನೆಯವರು. ಚಿಕ್ಕಂದಿನಲ್ಲೇ ಬೆನ್ನುಮೂಳೆ ಬಾಗಿ ಗೂನಾಯಿತು. ಸರ್ಕಾರಿ ಗುಮಾಸ್ತರಾಗಿದ್ದ ಅಪ್ಪ ಹಣಕಾಸಿನ ಆರೋಪದ ಮೇಲೆ ಜೈಲು ಸೇರಿದರು. ಮನೆ ನಡೆಯಬೇಕಲ್ಲ? ಹನ್ನೊಂದನೇ ವಯಸ್ಸಿಗೇ ಹುಡುಗ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸಕ್ಕೆ ನಿಂತ. ದಿನಕ್ಕೆ ಹತ್ತು ಗಂಟೆ ದುಡಿತ, ಭಾನುವಾರ ಬೆಳಿಗ್ಗೆಯೂ ಬಿಡುವಿಲ್ಲ. ತನಗಿಂತ ಭಾರದ ರಿಜಿಸ್ಟರ್‌ಗಳನ್ನು ಎತ್ತಿ ಇಡಬೇಕು. ತಿಂಗಳಿಗೆ ಒಂಬತ್ತು ಲಿರಾ ಸಂಬಳ. ಆ ದುಡ್ಡಿಗೆ ದಿನಕ್ಕೊಂದು ಕಿಲೋ ಬ್ರೆಡ್ ಬರುತ್ತಿತ್ತು. ಎಷ್ಟೋ ರಾತ್ರಿ ಮೈಕೈ ನೋವಿಗೆ ಯಾರಿಗೂ ಗೊತ್ತಾಗದ ಹಾಗೆ ಅಳುತ್ತಿದ್ದೆ ಅಂತ ಮೂವತ್ತು ವರ್ಷದ ಮೇಲೆ ಜೈಲಿನಿಂದ ಬರೆದ ಪತ್ರವೊಂದರಲ್ಲಿ ಹೇಳಿಕೊಂಡಿದ್ದಾರೆ.

1911ರಲ್ಲಿ ಬಡ ವಿದ್ಯಾರ್ಥಿಗಳ ವಿದ್ಯಾರ್ಥಿವೇತನ ಸಿಕ್ಕಿ ಟುರಿನ್ ವಿಶ್ವವಿದ್ಯಾಲಯ ಸೇರಿದರು. ಓದಿದ್ದು ಭಾಷಾಶಾಸ್ತ್ರ. ಟುರಿನ್ ಅಂದರೆ ಫಿಯಟ್ ಕಾರ್ಖಾನೆಯ ಊರು, ಕಾರ್ಮಿಕರ ಊರು. ಓದು ಅರ್ಧಕ್ಕೇ ನಿಂತಿತು. 1915ರ ಕೊನೆಗೆ ಸಮಾಜವಾದಿ ಪಕ್ಷದ ‘ಅವಾಂತಿ’ ಪತ್ರಿಕೆಯ ಟುರಿನ್ ಪುಟಕ್ಕೆ ಬರೆಯತೊಡಗಿದರು.

ಇಲ್ಲೊಂದು ವಿಚಿತ್ರ ಇದೆ. ಅದೇ ‘ಅವಾಂತಿ’ಗೆ 1912ರಿಂದ 1914ರವರೆಗೆ ಸಂಪಾದಕನಾಗಿದ್ದವನು ಮುಂದೆ ಫ್ಯಾಸಿಸ್ಟ್ ಸರ್ವಾಧಿಕಾರಿಯಾದ ಬೆನಿಟೊ ಮುಸೊಲಿನಿ! ಮೊದಲನೇ ಮಹಾಯುದ್ಧದಲ್ಲಿ ಇಟಲಿ ಸುಮ್ನೆ ತಟಸ್ಥವಾಗಿರಬಾರದು ಅಂತ ಆತ ವರಸೆ ಬದಲಿಸಿದಾಗ ಪಕ್ಷ ಹೊರಹಾಕಿತು. ಇಪ್ಪತ್ಮೂರರ ಗ್ರಾಮ್ಶಿ ಆಗ ಬರೆದ ಒಂದು ಲೇಖನ ಮುಸೊಲಿನಿಯ ಪರವಾಗಿದೆ ಅಂತ ಅನೇಕರಿಗೆ ಅನ್ನಿಸಿತು. ಆ ಅನುಮಾನ ಬಹಳ ಕಾಲ ಅವರ ಬೆನ್ನು ಬಿಡಲಿಲ್ಲ.

ಪತ್ರಿಕೆಯಲ್ಲಿ ಅವರ ಅಂಕಣದ ಹೆಸರು ‘ಸೊಟ್ಟೊ ಲಾ ಮೋಲೆ’. ಮೋಲೆ ಅಂದರೆ ಟುರಿನ್ನಿನ ಎತ್ತರದ ಗೋಪುರ. ಅದರ ನೆರಳಿನಲ್ಲಿ ನಡೆಯುವ ಊರ ಸಂಗತಿಗಳೇ ಈ ಅಂಕಣದ ಸರಕು. 1916ರ ಜನವರಿ 1ರ ಅಂಕಣದಲ್ಲಿ ನನಗೆ ಹೊಸ ವರ್ಷದ ದಿನ ಕಂಡರೆ ಆಗುವುದಿಲ್ಲ ಅಂತಲೇ ಬರೆದರು. ಬದುಕನ್ನು ಅಂಗಡಿ ಲೆಕ್ಕದಂತೆ ವರ್ಷಕ್ಕೊಮ್ಮೆ ಮುಗಿಸಿ ಹೊಸ ಪುಟ ತೆಗೆಯುವುದು ಅವರಿಗೆ ಒಗ್ಗದ ವಿಷಯ.

ನನಗೆ ಇವತ್ತಿಗೂ ಚುರುಕು ಅನ್ನಿಸುವುದು ಅದೇ ವರ್ಷದ ಡಿಸೆಂಬರಿನ ಒಂದು ಲೇಖನ. ಪತ್ರಿಕೆಗಳು ಹೊಸ ಚಂದಾದಾರರಿಗೆ ಗಾಳ ಹಾಕುವ ಕಾಲ ಅದು. ಗ್ರಾಮ್ಶಿ ಕಾರ್ಮಿಕರಿಗೆ ಕೇಳುತ್ತಾರೆ: ನಿಮ್ಮ ವಿರುದ್ಧ ಬರೆಯುವ ಪತ್ರಿಕೆಗೆ ನೀವೇ ಯಾಕೆ ಕಾಸು ಕೊಡುತ್ತೀರಿ? ಮುಷ್ಕರ ನಡೆದರೆ ಮಾಲೀಕರ ಪತ್ರಿಕೆಯಲ್ಲಿ ಯಾವಾಗಲೂ ಕಾರ್ಮಿಕರದೇ ತಪ್ಪು. ಮೆರವಣಿಗೆ ಹೊರಟರೆ ಹೊರಟವರೆಲ್ಲ ಪುಂಡರು. ಇದನ್ನೇ ದಿನಾ ಓದಿ ಓದಿ ಕಾರ್ಮಿಕನ ತಲೆಯೂ ಮಾಲೀಕನ ತಲೆಯಂತೆ ಯೋಚಿಸತೊಡಗುತ್ತದೆ ಅನ್ನುವುದು ವಾದ. ಮುಂದೆ ಪಂಡಿತರು ಪುಟಗಟ್ಟಲೆ ವಿವರಿಸಿದ ವಿಚಾರದ ಮೊಳಕೆ ಇಲ್ಲೇ ಇದೆ, ಅಲ್ವಾ?

ನಾಟಕ ವಿಮರ್ಶೆಯೂ ಅವರದೇ ಪಾಲು. ಇಟಲಿಯ ನಾಟಕಕಾರ ಪಿರಾಂಡೆಲ್ಲೊ ನಾಟಕಗಳ ಬಗ್ಗೆ ತಾನು ಬರೆದದ್ದೇ 200 ಪುಟದ ಪುಸ್ತಕಕ್ಕಾಗುತ್ತದೆ ಅಂತ ಮುಂದೊಮ್ಮೆ ಜಂಬದಿಂದಲೇ ಹೇಳಿಕೊಂಡರು.

1919ರ ಮೇ 1ಕ್ಕೆ ಗೆಳೆಯರ ಜೊತೆ ಸೇರಿ ‘ಲೋರ್ದಿನೆ ನುವೊವೊ’ ವಾರಪತ್ರಿಕೆ ಶುರು ಮಾಡಿದರು. ಕಾರ್ಖಾನೆಯನ್ನು ಕಾರ್ಮಿಕರ ಸಮಿತಿಗಳೇ ನಡೆಸಬೇಕು ಅನ್ನುವುದು ಅದರ ಮುಖ್ಯ ವಾದ. 1920ರ ಸೆಪ್ಟೆಂಬರಿನಲ್ಲಿ ಕಾರ್ಮಿಕರು ನಿಜವಾಗಿಯೂ ಕಾರ್ಖಾನೆಗಳನ್ನು ಹಿಡಿದು ಕೂತರು. ಕೆಲವೇ ವಾರ, ಆಮೇಲೆ ಎಲ್ಲ ಮುಗಿಯಿತು. ಮರುವರ್ಷ ಇಟಲಿಯ ಕಮ್ಯುನಿಸ್ಟ್ ಪಕ್ಷ ಹುಟ್ಟಿತು, ಕಟ್ಟಿದವರಲ್ಲಿ ಗ್ರಾಮ್ಶಿಯೂ ಒಬ್ಬರು. 1922ರಲ್ಲಿ ಮುಸೊಲಿನಿ ಪ್ರಧಾನಿಯಾದ. 1924ರ ಫೆಬ್ರವರಿಯಲ್ಲಿ ಗ್ರಾಮ್ಶಿ ಹೆಸರಿಟ್ಟ ಪಕ್ಷದ ದಿನಪತ್ರಿಕೆ ‘ಲೂನಿತಾ’ ಬಂತು, ಏಪ್ರಿಲಿನಲ್ಲಿ ಅವರು ಸಂಸದರಾಗಿ ಗೆದ್ದರು. 1926ರ ನವೆಂಬರ್ 8ರ ರಾತ್ರಿ ರೋಮ್‌ನಲ್ಲಿ ಬಂಧನ. ಸಂಸದರನ್ನು ಬಂಧಿಸುವ ಹಾಗಿಲ್ಲ ಅನ್ನುವ ನಿಯಮ ಯಾರ ಲೆಕ್ಕಕ್ಕೂ ಬರಲಿಲ್ಲ. 1928ರಲ್ಲಿ ವಿಶೇಷ ನ್ಯಾಯಮಂಡಳಿ ಕೊಟ್ಟ ಶಿಕ್ಷೆ 20 ವರ್ಷ, 4 ತಿಂಗಳು, 5 ದಿನ.

ದಕ್ಷಿಣ ಇಟಲಿಯ ಬಾರಿ ನಗರದ ಹತ್ತಿರದ ಟೂರಿ ಜೈಲಿನಲ್ಲಿ ಬರೆಯಲು ಅನುಮತಿ ಸಿಕ್ಕಿದ್ದು 1929ರ ಆರಂಭದಲ್ಲಿ. ಮೊದಲ ನೋಟ್‌ಬುಕ್ ಮೇಲೆ ಫೆಬ್ರವರಿ 8ರ ತಾರೀಖಿದೆ. ಶಾಲಾ ಮಕ್ಕಳು ಬಳಸುವಂಥ ನೋಟ್‌ಬುಕ್‌ಗಳು. ಅವುಗಳಿಗೆ ಜೈಲಿನ ಮೊಹರು ಬೇರೆ. ಸೆನ್ಸಾರ್ ಕಣ್ಣು ತಪ್ಪಿಸಲು ಲೆನಿನ್ ಹೆಸರನ್ನು ‘ಇಲಿಚ್’ ಅಂತ ಬರೆಯಬೇಕಿತ್ತು. ಪುಸ್ತಕಗಳ ಖರ್ಚು ನೋಡಿಕೊಂಡವರು ಗೆಳೆಯ, ಅರ್ಥಶಾಸ್ತ್ರಜ್ಞ ಪಿಯೆರೊ ಸ್ರಾಫಾ. ಮಿಲಾನ್‌ನ ಪುಸ್ತಕದಂಗಡಿಯೊಂದರಲ್ಲಿ ಗ್ರಾಮ್ಶಿ ಹೆಸರಿಗೆ ಲೆಕ್ಕ ತೆರೆಸಿಟ್ಟಿದ್ದರು.

ಅವರನ್ನು ಕಾಡಿದ ಪ್ರಶ್ನೆ ಸರಳ. ನಾವು ಯಾಕೆ ಸೋತೆವು? ಪೊಲೀಸರ ಲಾಠಿಯೊಂದೇ ಕಾರಣ ಅಂದರೆ ಅವರಿಗೆ ಸಮಾಧಾನವಿಲ್ಲ. ಆಳುವವರು ಜನರ ಒಪ್ಪಿಗೆಯನ್ನೂ ಗಳಿಸಿರುತ್ತಾರೆ. ಆ ಒಪ್ಪಿಗೆ ಎಲ್ಲಿ ತಯಾರಾಗುತ್ತದೆ? ಗ್ರಾಮ್ಶಿ ಮೊದಲು ಬೊಟ್ಟು ಮಾಡುವುದು ಪತ್ರಿಕೆ, ಪ್ರಕಾಶನ ಸಂಸ್ಥೆಗಳ ಕಡೆಗೆ. ಆಮೇಲೆ ಗ್ರಂಥಾಲಯ, ಶಾಲೆ, ಸಂಘಗಳು. ಬೀದಿಗೆ ಇಟ್ಟ ಹೆಸರುಗಳನ್ನೂ ಅವರು ಬಿಡುವುದಿಲ್ಲ. ನೂರು ವರ್ಷದ ಹಿಂದಿನ ಫ್ರೆಂಚ್ ಧಾರಾವಾಹಿ ಕಾದಂಬರಿಗಳನ್ನು ಇಟಲಿಯ ಪತ್ರಿಕೆಗಳು 1930ರಲ್ಲೂ ಯಾಕೆ ಅಚ್ಚು ಹಾಕುತ್ತಿವೆ ಅಂತ ಅವರು ತಲೆ ಕೆಡಿಸಿಕೊಂಡರು. ಇಟಲಿಯ ಲೇಖಕರಿಗೆ ಜನರ ನಾಡಿ ಗೊತ್ತಿಲ್ಲ, ಅದಕ್ಕೇ ಜನ ಹೊರಗಿನದನ್ನು ಓದುತ್ತಾರೆ ಅನ್ನುವುದು ಅವರ ಉತ್ತರ. ಪ್ರಸಾರದ ಲೆಕ್ಕ ಗೊತ್ತಿರುವ ಪತ್ರಕರ್ತನಿಗೇ ಹೊಳೆಯುವ ಪ್ರಶ್ನೆ ಇದು. ಬರೀ ತತ್ವಜ್ಞಾನಿ ಧಾರಾವಾಹಿ ಕಡೆ ತಿರುಗಿ ನೋಡುವುದು ಕಮ್ಮಿ.

ಆರೋಗ್ಯ ಪೂರ್ತಿ ಕೆಟ್ಟು, 1937ರ ಏಪ್ರಿಲ್ 27ರಂದು ರೋಮ್‌ನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ವಯಸ್ಸು 46. ಹೆಂಡತಿ ಜೂಲಿಯಾ ಇದ್ದದ್ದು ದೂರದ ಮಾಸ್ಕೋದಲ್ಲಿ. ಜೈಲಿನ ವರ್ಷಗಳಲ್ಲಿ ಬಟ್ಟೆ, ಔಷಧಿ, ಪತ್ರ ಎಲ್ಲಕ್ಕೂ ಓಡಾಡಿದವರು ಅವಳ ಅಕ್ಕ ತತಿಯಾನಾ. 33 ನೋಟ್‌ಬುಕ್‌ಗಳು ಉಳಿದದ್ದೂ ಅವರಿಂದಲೇ. 1948ರಿಂದ 1951ರ ನಡುವೆ ಅವು ವಿಷಯವಾರು ಆರು ಸಂಪುಟಗಳಾಗಿ ಬಂದವು. ಬರೆದ ಕ್ರಮದಲ್ಲೇ ಇಟ್ಟ ಶಾಸ್ತ್ರೀಯ ಆವೃತ್ತಿಗೆ 1975ರವರೆಗೆ ಕಾಯಬೇಕಾಯಿತು. ಇತಿಹಾಸದ ಅಂಚಿನಲ್ಲಿ ಉಳಿದ ಕೆಳಸ್ತರದ ಜನರ ಬಗ್ಗೆ ಒಂದು ನೋಟ್‌ಬುಕ್ಕೇ ಇದೆ. 1982ರಲ್ಲಿ ಇತಿಹಾಸಕಾರ ರಣಜಿತ್ ಗುಹಾ ಅಂಥವರ ಇತಿಹಾಸ ಬರೆಯುವ ‘ಸಬಾಲ್ಟರ್ನ್ ಸ್ಟಡೀಸ್’ ಸಂಪುಟಮಾಲೆ ಶುರು ಮಾಡಿದಾಗ ಮುನ್ನುಡಿಯಲ್ಲಿ ನೆನೆದದ್ದು ಗ್ರಾಮ್ಶಿಯನ್ನೇ.

ಪತ್ರಿಕಾ ಬರಹಗಳ ಕಥೆ ಬೇರೆ. ಹತ್ತು ವರ್ಷದಲ್ಲಿ 400 ಪುಟದ 15-20 ಸಂಪುಟಗಳಿಗಾಗುವಷ್ಟು ಸಾಲು ಬರೆದೆ, ಆದರೆ ಅವು ಆ ದಿನಕ್ಕೆ ಬರೆದವು, ಆ ದಿನ ಮುಗಿದ ಮೇಲೆ ಸಾಯಬೇಕಾದವು ಅಂತ ಗ್ರಾಮ್ಶಿ ಜೈಲಿನಿಂದ ಬರೆದ 1931ರ ಪತ್ರದಲ್ಲಿದೆ. ಸಂಕಲನ ತರಲು ಕೇಳಿದವರಿಗೂ ಅವರು ಒಪ್ಪಲಿಲ್ಲ. ಅವರು ಹೋದ ಮೇಲೆ ಆ ಮಾತನ್ನು ಯಾರೂ ಕೇಳಲಿಲ್ಲ, ಸಂಪುಟ ಸಂಪುಟವಾಗಿ ಎಲ್ಲ ಬಂದವು. ಆ ಲೇಖನಗಳಲ್ಲಿ ಹೆಚ್ಚಿನವಕ್ಕೆ ಲೇಖಕರ ಹೆಸರೇ ಇಲ್ಲ. ಹಾಗಾಗಿ ಯಾವುದು ಗ್ರಾಮ್ಶಿಯದು, ಯಾವುದು ಪಕ್ಕದ ಮೇಜಿನವರದು ಅಂತ ವಿದ್ವಾಂಸರು ಇನ್ನೂ ವಾಕ್ಯ ವಾಕ್ಯ ಜಾಲಾಡುತ್ತಿದ್ದಾರೆ.