ಲಾರ್ಚ್ ಮರ ಬೇಡವೆಂದ ಬಂಗಾರ

ಬೆಳಗ್ಗೆ ಆರೂವರೆ. ಸ್ಲೀಪಿಂಗ್ ಬ್ಯಾಗಿನಿಂದ ಒಂದೇ ಕೈ ಹೊರಗೆ ಹಾಕಿ ನೀರಿನ ಬಾಟಲಿ ಹುಡುಕಿದೆ. ಸಿಕ್ಕಿತು. ಬಾಯಿಗೆ ಬಗ್ಗಿಸಿದರೆ ಒಂದು ತೊಟ್ಟೂ ಬೀಳಲಿಲ್ಲ. ಪಕ್ಕದಲ್ಲಿ ಮಲಗಿದ್ದ ಹುಬ್ಬಳ್ಳಿ ಗೆಳೆಯ ಅದನ್ನು ಇಸಿದುಕೊಂಡು ಅಲ್ಲಾಡಿಸಿ ನೋಡಿದ. "ಲೇ, ಇದು ಕಲ್ಲಾಗೇತಿ" ಅಂದ.

ಕೂಗಳತೆಯಲ್ಲೇ ದೊಡ್ಡ ಸರೋವರವಿತ್ತು. ಆದರೆ ನೀರು ಸೋಸುವ ಫಿಲ್ಟರನ್ನು ನಾನು ರಾತ್ರಿ ಹೊರಗೇ ಬಿಟ್ಟಿದ್ದೆ. ಅದರೊಳಗೆ ಕೂದಲೆಳೆಯಂಥ ಕೊಳವೆಗಳಿರುತ್ತವೆ. ಅಲ್ಲಿ ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಕೊಳವೆ ಸೀಳುತ್ತದೆ. ಸೀಳಿದ್ದು ಕಣ್ಣಿಗೆ ಕಾಣುವುದೂ ಇಲ್ಲ. ಇನ್ನು ಅದನ್ನು ನಂಬುವ ಹಾಗಿರಲಿಲ್ಲ. ಅಂಚಿನ ಮಂಜು ಒಡೆದು ನೀರು ತಂದು, ಸ್ಟವ್ ಹಚ್ಚಿ, ಕುದಿಸಿ, ಆರಿಸಿ ಕುಡಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಅಷ್ಟು ಹೊತ್ತೂ ಸುಮ್ನೆ ಕೂತು ಎದುರಿನ ಮರ ನೋಡಿದೆ. ನಾವು ಅಷ್ಟು ದೂರ ಹತ್ತಿ ಬಂದಿದ್ದೇ ಆ ಮರಕ್ಕಾಗಿ. ಅದೂ ಆ ಹೊತ್ತಿಗೆ ನನ್ನದೇ ತಾಪತ್ರಯದಲ್ಲಿತ್ತು ಅನ್ನುವುದು ನಿಧಾನವಾಗಿ ಹೊಳೆಯಿತು.

ಜಾಗದ ಹೆಸರು ಎನ್‌ಚಾಂಟ್‌ಮೆಂಟ್ಸ್. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್‌ನಿಂದ ಎರಡೂವರೆ ಗಂಟೆ ಕಾರಿನಲ್ಲಿ ಹೋದರೆ ಲೆವೆನ್‌ವರ್ತ್ ಎಂಬ ಊರು. ಅದರ ತಲೆಯ ಮೇಲಿನ ಬೆಟ್ಟಸಾಲಿನಲ್ಲಿ ಗ್ರಾನೈಟ್ ಬಂಡೆಗಳ ನಡುವೆ ಸಾಲುಸಾಲು ಸರೋವರ. ಈ ಕಡೆಯಿಂದ ಹತ್ತಿ ಆ ಕಡೆ ಇಳಿದರೆ ಸುಮಾರು 29 ಕಿ.ಮೀ. ರಾತ್ರಿ ಉಳಿಯಲು ಪರ್ಮಿಟ್ ಬೇಕು, ಪರ್ಮಿಟ್‌ಗೆ ಲಾಟರಿ. ನನಗೆ ಒಮ್ಮೆಯೂ ಹತ್ತಿಲ್ಲ. ಆ ವರ್ಷ ಗೆಳೆಯನಿಗೆ ಹತ್ತಿತು, ಅದೂ ಅಕ್ಟೋಬರ್ ಮೊದಲ ವಾರಕ್ಕೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ, ಎರಡು ಮೂರು ವಾರ ಮಾತ್ರ ಲಾರ್ಚ್ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಸಿಯಾಟಲ್ ಕಡೆಯವರಿಗೆ ಆಗ ಒಂಥರಾ ಹುಚ್ಚು ಹಿಡಿಯುತ್ತದೆ. ನಮ್ಮ ಕಡೆ ಅದೇ ವಾರ ದಸರಾ. ಬನ್ನಿ ಎಲೆಯನ್ನು ಬಂಗಾರ ಅಂತ ಹಂಚುವ ಹಬ್ಬ ಬಿಟ್ಟು ಇನ್ನೊಂದು ಎಲೆಯ ಬಂಗಾರ ನೋಡಲು ಹೊರಟಿದ್ದಕ್ಕೆ ಅವ್ವ ಫೋನಿನಲ್ಲಿ ಬೈದದ್ದೂ ಆಯಿತು.

ಮೊದಲ ದಿನ ಕೋಲ್ಚಕ್ ಸರೋವರದವರೆಗೆ ಹೇಗೋ ಆರಾಮ. ಅದು 1,700 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಕೆಳಗೆ. ಆಮೇಲೆ ಬರುವುದು ಆಸ್‌ಗಾರ್ಡ್ ಪಾಸ್. ಒಂದೂವರೆ ಕಿ.ಮೀ. ಕೂಡ ಇಲ್ಲದ ದಾರಿಯಲ್ಲಿ 670 ಮೀಟರ್ ಏರಬೇಕು. ದಾರಿ ಅನ್ನುವುದೂ ತಪ್ಪು, ಉರುಳಿ ಬಿದ್ದ ಬಂಡೆಗಳ ರಾಶಿ ಅಷ್ಟೇ. ಬೆನ್ನ ಮೇಲೆ 15 ಕಿಲೋ. ಆ ಏರಿನ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವ ಮನಸ್ಸಿಲ್ಲ.

ಮೇಲೆ ಹೋದ ಮೇಲೆ ಮರ. ಲಾರ್ಚ್ ಅಂದರೆ ಪೈನ್ ಜಾತಿಯವರ ಹತ್ತಿರದ ನೆಂಟ. ಕಾಯಿ ಬಿಡುವುದು ಪೈನ್ ಹಾಗೆಯೇ ಶಂಕುವಿನ ಆಕಾರದಲ್ಲಿ, ಎಲೆಯೂ ಸೂಜಿಯೇ. ಅಂಥ ಮರಗಳು ಸಾಮಾನ್ಯವಾಗಿ ವರ್ಷವಿಡೀ ಹಸಿರು. ಲಾರ್ಚ್ ಮಾತ್ರ ಪ್ರತಿ ವರ್ಷ ಅಷ್ಟೂ ಸೂಜಿಯನ್ನು ಉದುರಿಸಿ ಬೋಳಾಗಿ ನಿಲ್ಲುತ್ತದೆ. ದೂರದಿಂದ ನೋಡಿದರೆ ನಮ್ಮ ಗಾಳಿ ಮರ ನೆನಪಾಗುತ್ತದೆ. ಆದರೆ ಗಾಳಿ ಮರಕ್ಕೂ ಇದಕ್ಕೂ ಸಂಬಂಧವಿಲ್ಲ. ಅದರದ್ದು ಸೂಜಿ ಎಲೆಯೇ ಅಲ್ಲ, ಹಸಿರು ಕಡ್ಡಿ. ನಿಜವಾದ ಎಲೆ ಆ ಕಡ್ಡಿಯ ಗಂಟುಗಳಲ್ಲಿ ಚಿಕ್ಕ ಹಲ್ಲಿನ ಹಾಗೆ ಇರುತ್ತದೆ.

ಲಾರ್ಚಿನ ಒಂದು ಕೊಂಬೆಯನ್ನು ಬಗ್ಗಿಸಿ ಹತ್ತಿರದಿಂದ ನೋಡಿದೆ. ಕೊಂಬೆಯ ಉದ್ದಕ್ಕೂ ಚಿಕ್ಕ ಚಿಕ್ಕ ಗಂಟು, ಮೊಳೆ ಹೊಡೆದ ಹಾಗೆ. ಒಂದೊಂದು ಗಂಟಿನಿಂದಲೂ ಮೂವತ್ತು ನಲವತ್ತು ಸೂಜಿಗಳು ಕುಚ್ಚು ಕಟ್ಟಿದಂತೆ ಹೊರಟಿವೆ. ಸೂಜಿ ಅಂತೀವಿ, ಚುಚ್ಚುವುದೇ ಇಲ್ಲ. ಕೆನ್ನೆಗೆ ಒರೆಸಿಕೊಳ್ಳಬಹುದು. ಬೆರಳ ನಡುವೆ ಉರುಳಿಸಿದರೆ ನಾಲ್ಕು ಅಂಚು ತಿಳಿಯುತ್ತದೆ. ಎಳೆಯ ಕಡ್ಡಿಗೆ ಹತ್ತಿಯಂಥ ಬಿಳಿ ನವಿರು ಮುಸುಕಿತ್ತು. ಕೆಳಗಿನ ಕಾಡಿನಲ್ಲಿ ಬೆಳೆಯುವ ಇನ್ನೊಂದು ಲಾರ್ಚಿಗೂ ಈ ಎತ್ತರದ ಲಾರ್ಚಿಗೂ ವ್ಯತ್ಯಾಸ ಗುರುತಿಸುವುದು ಈ ಹತ್ತಿ ನೋಡಿಯೇ.

ಎಲೆ ಯಾಕೆ ಉದುರಿಸುತ್ತದೆ? ಚಳಿ ತಡೆಯಲಾರದೆ ಅಂತ ನಾನು ಅಂದುಕೊಂಡಿದ್ದೆ. ಆದರೆ ಅದೇ ಬಂಡೆಯ ಪಕ್ಕದಲ್ಲಿ ಪೈನ್ ನಿಂತಿದೆ, ಫರ್ ನಿಂತಿದೆ, ಅದೇ ಚಳಿಯಲ್ಲಿ, ಹಸಿರಾಗಿ. ಚಳಿಯೊಂದೇ ಕಾರಣ ಆಗಿದ್ದರೆ ಅವೂ ಬೋಳಾಗಬೇಕಿತ್ತಲ್ವಾ?

ಉತ್ತರಕ್ಕೆ ನಮ್ಮೂರ ಕಡೆಯೇ ಬರಬೇಕು. ಧಾರವಾಡದಿಂದ ಹಳಿಯಾಳಕ್ಕೆ ಮಾರ್ಚ್ ತಿಂಗಳಲ್ಲಿ ಬಸ್ಸಿನಲ್ಲಿ ಹೋದವರಿಗೆ ಸಾಗವಾನಿ ಕಾಡು ಹೇಗಿರುತ್ತದೆ ಗೊತ್ತು. ಹಪ್ಪಳದಂಥ ದೊಡ್ಡ ಎಲೆಗಳೆಲ್ಲ ನೆಲದಲ್ಲಿ, ಮರ ಬೋಳು. ಅಲ್ಲಿ ಚಳಿ ಎಲ್ಲಿದೆ? ನೀರಿಲ್ಲ, ಅಷ್ಟೇ. ಎಲೆ ಇದ್ದಷ್ಟೂ ನೀರು ಆರುತ್ತದೆ. ಬೇರಿಗೆ ಸಿಗದಿದ್ದಾಗ ಆರುವುದನ್ನು ನಿಲ್ಲಿಸಬೇಕು. ಅದಕ್ಕೆ ಸಾಗವಾನಿ ಎಲೆಯನ್ನೇ ಬಿಡುತ್ತದೆ.

ಲಾರ್ಚಿನದೂ ಬಾಯಾರಿಕೆಯೇ. ಚಳಿಗಾಲದಲ್ಲಿ ಈ ಬೆಟ್ಟದಲ್ಲಿ ಆಳೆತ್ತರ ಹಿಮ ಬೀಳುತ್ತದೆ. ನೀರಿಗೆ ಬರವಿಲ್ಲ, ಆದರೆ ಎಲ್ಲ ನನ್ನ ಬಾಟಲಿಯ ನೀರಿನ ಹಾಗೆ. ಮಣ್ಣಿನ ನೀರು ಗಡ್ಡೆ, ಕಾಂಡದ ನೀರೂ ಗಡ್ಡೆ. ಇಷ್ಟರ ಮೇಲೆ ಚಳಿಗಾಲದ ಕೊನೆಗೆ ಬಿಸಿಲು ಚುರುಕಾಗುತ್ತದೆ. ಹಿಮದಿಂದ ಪುಟಿದ ಬೆಳಕೂ ಸೇರಿ ಸೂಜಿ ಎಲೆ ಸುತ್ತಲ ಗಾಳಿಗಿಂತ ಬಿಸಿಯಾಗುತ್ತದೆ. ಎಲೆಯ ರಂಧ್ರಗಳೆಲ್ಲ ಮುಚ್ಚಿದ್ದರೂ ಮೇಲಿನ ಮೇಣದ ಹೊದಿಕೆಯಿಂದ ಅಷ್ಟಿಷ್ಟು ನೀರು ಜಿನುಗಿ ಹೋಗುತ್ತಲೇ ಇರುತ್ತದೆ. ಗಾಳಿಯಲ್ಲಿ ಹಾರುವ ಮಂಜಿನ ಹರಳು ಆ ಮೇಣವನ್ನು ಉಜ್ಜಿ ಸವೆಸುತ್ತದೆ. ಮೇಲಿಂದ ಖರ್ಚು, ಕೆಳಗಿಂದ ಜಮಾ ಸೊನ್ನೆ. ಹೀಗೆ ಒಣಗಿ ಕೆಂಪಾದ ಸೂಜಿಗಳನ್ನು ಹಿಮದ ಮಟ್ಟಕ್ಕಿಂತ ಮೇಲೆ ಚಾಚಿದ ಫರ್ ಕೊಂಬೆಗಳಲ್ಲಿ ನೋಡಬಹುದು.

ಒಂದು ತಮಾಷೆ ಅಂದರೆ, ಲಾರ್ಚಿನ ಎಳೆ ಗಿಡಗಳು ಕೆಲವು ಸೂಜಿಗಳನ್ನು ಚಳಿಗಾಲಕ್ಕೂ ಹಸಿರಾಗಿ ಇಟ್ಟುಕೊಳ್ಳುತ್ತವೆ. ಹಿಮದ ಕಂಬಳಿಯ ಅಡಿಯಲ್ಲಿರುವುದರಿಂದ ಅವಕ್ಕೆ ಗಾಳಿ ತಾಗದು, ಬಿಸಿಲು ತಾಗದು. ತಲೆ ಹಿಮದಿಂದ ಮೇಲೆ ಬಂದ ಮೇಲೆ ದೊಡ್ಡವರ ಬುದ್ಧಿ ಬರುತ್ತದೆ.

ಆದರೆ ಪ್ರತಿ ವರ್ಷ ಹೊಸ ಎಲೆ ಕಟ್ಟುವುದು ಸಣ್ಣ ಖರ್ಚಲ್ಲ. ಇದೇ ದೇಶದ ಬ್ರಿಸಲ್‌ಕೋನ್ ಪೈನ್ ಒಂದು ಸೂಜಿಯನ್ನು 30 ವರ್ಷಕ್ಕೂ ಮೇಲೆ ಬಳಸುತ್ತದೆ, ಅಜ್ಜನ ಕಾಲದ ಕೊಡೆಯ ಹಾಗೆ. ಲಾರ್ಚ್ ಬಳಸುವುದು ನಾಲ್ಕು ತಿಂಗಳು. ಹಾಗಾಗಿ ಅದು ಅಗ್ಗದ ಎಲೆ ಮಾಡುತ್ತದೆ. ತೆಳ್ಳಗೆ, ಮೆತ್ತಗೆ, ದಪ್ಪ ಕವಚ ಇಲ್ಲದ್ದು. ಚುಚ್ಚದಿರುವುದೂ ಅದಕ್ಕೇ. ಒಂದು ಗ್ರಾಂ ಲಾರ್ಚ್ ಎಲೆ ಬಿಸಿಲಿದ್ದಾಗ ಒಂದು ಗ್ರಾಂ ಪೈನ್ ಎಲೆಗಿಂತ ಜಾಸ್ತಿ ಸಕ್ಕರೆ ತಯಾರಿಸುತ್ತದೆ. ನೆಲದಲ್ಲಿ ಇನ್ನೂ ಹಿಮ ಇರುವಾಗಲೇ ಚಿಗುರಿ, ಸಿಕ್ಕಿದ ದಿನಗಳಲ್ಲಿ ಭರ್ಜರಿ ದುಡಿದು, ಅಂಗಡಿ ಮುಚ್ಚುತ್ತದೆ.

ಮುಚ್ಚುವ ಮೊದಲು ಲೆಕ್ಕ ಚುಕ್ತಾ. ನಾವು ನೋಡಲು ಹೋಗುವ ಬಣ್ಣ ಈ ಲೆಕ್ಕದಿಂದಲೇ ಬರುವುದು.

ಬಂಡೆಗಳ ನಡುವಿನ ಮಣ್ಣು ಬಡವಾದದ್ದು. ಅಲ್ಲಿ ಸಾರಜನಕ ಸಿಗುವುದು ಕಷ್ಟ. ಎಲೆಯ ಸಾರಜನಕದಲ್ಲಿ ಬಹುಪಾಲು ಬೆಳಕಿನಿಂದ ಸಕ್ಕರೆ ಮಾಡುವ ಪ್ರೋಟೀನುಗಳಲ್ಲಿರುತ್ತದೆ. ಹಗಲು ಚಿಕ್ಕದಾಗಿ ರಾತ್ರಿ ತಣ್ಣಗಾದ ಕೂಡಲೇ ಮರ ಆ ಪ್ರೋಟೀನುಗಳನ್ನು ಬಿಚ್ಚಿ, ತುಂಡು ಮಾಡಿ, ಕಡ್ಡಿಗೂ ತೊಗಟೆಗೂ ಸಾಗಿಸುತ್ತದೆ. ಹಳೆ ಮನೆ ಕೆಡವುವಾಗ ತೊಲೆ, ಬಾಗಿಲು, ಕಿಟಕಿ ತೆಗೆದಿಟ್ಟುಕೊಳ್ಳುವುದಿಲ್ಲವೇ, ಹಾಗೆ. ಈ ಕೆಲಸದಲ್ಲಿ ಒಂದು ಅಪಾಯವಿದೆ. ಶಾಲೆಯಲ್ಲಿ ಪತ್ರಹರಿತ್ತು ಅಂತ ಓದಿದ್ದೆವಲ್ಲ, ಆ ಕ್ಲೋರೋಫಿಲ್, ಸುತ್ತಲಿನ ಯಂತ್ರ ಬಿಚ್ಚಿದ ಮೇಲೂ ಬೆಳಕು ಹೀರುತ್ತಲೇ ಇರುತ್ತದೆ. ಹೀರಿದ ಶಕ್ತಿಗೆ ಕೆಲಸವಿಲ್ಲ. ಅದು ಜೀವಕೋಶವನ್ನೇ ಸುಡುವ ರಾಸಾಯನಿಕಗಳನ್ನು ಹುಟ್ಟಿಸುತ್ತದೆ. ಕರೆಂಟ್ ಇರುವ ವೈರನ್ನು ಬರಿದೇ ಬಿಟ್ಟ ಹಾಗೆ. ಹಾಗಾಗಿ ಮರ ಕ್ಲೋರೋಫಿಲ್ಲನ್ನೂ ಒಡೆದು ಬಣ್ಣವಿಲ್ಲದ ವಸ್ತುವನ್ನಾಗಿ ಮಾಡಿ ಮೂಲೆಗಿಡುತ್ತದೆ. ಹಸಿರು ಹೋಗುವುದು ಆಗಲೇ.

ಉಳಿಯುವುದು ಹಳದಿ. ಅದು ಹೊಸದಾಗಿ ಬಂದದ್ದಲ್ಲ, ಜೂನ್‌ನಿಂದಲೂ ಅಲ್ಲೇ ಇತ್ತು, ಹಸಿರಿನ ಕೆಳಗೆ ಮುಚ್ಚಿಹೋಗಿತ್ತು. ಲ್ಯೂಟಿನ್ ಮತ್ತು ಅದರ ಬಳಗದ ಬಣ್ಣಗಳು. ಆಯುಧ ಪೂಜೆಗೆ ಗಾಡಿಗೆ ಕಟ್ಟುತ್ತೇವಲ್ಲ ಚೆಂಡು ಹೂ, ಅದರ ಹಳದಿಯೂ ಇದೇ ಲ್ಯೂಟಿನ್. ಕೋಳಿ ಮೊಟ್ಟೆಯ ಭಂಡಾರದಲ್ಲೂ ಇದೆ. ಲ್ಯೂಟಿನ್ ತೆಗೆಯಲೆಂದೇ ಕಾರ್ಖಾನೆಗಳಿಗೆ ಚೆಂಡು ಹೂ ಬೆಳೆದುಕೊಡುವ ರೈತರು ನಮ್ಮಲ್ಲೂ ಇದ್ದಾರೆ. ಈ ಹಳದಿಯನ್ನು ಮರ ಯಾಕೆ ವಾಪಸ್ ತೆಗೆದುಕೊಳ್ಳುವುದಿಲ್ಲ? ಅದರಲ್ಲಿ ಇರುವುದು ಇಂಗಾಲ, ಜಲಜನಕ, ಎರಡೇ ಎರಡು ಆಮ್ಲಜನಕದ ಪರಮಾಣು. ಸಾರಜನಕ ಒಂದು ಚೂರೂ ಇಲ್ಲ. ಇಂಗಾಲವನ್ನು ಗಾಳಿಯಿಂದ ಎಷ್ಟು ಬೇಕಾದರೂ ಹಿಡಿಯಬಹುದು. ಹೊತ್ತು ಸಾಗಿಸುವ ಕೂಲಿಯೂ ಗಿಟ್ಟದು. ಬದಲಿಗೆ, ಬಿಚ್ಚುವ ಕೆಲಸ ಮುಗಿಯುವವರೆಗೆ ಬಿಸಿಲಿನ ಹೆಚ್ಚುವರಿ ಶಕ್ತಿಯಿಂದ ಎಲೆಯನ್ನು ಕಾಯುವ ಕಾವಲು ಕೆಲಸಕ್ಕೆ ಅದನ್ನು ಹಚ್ಚುತ್ತದೆ. ಆಮೇಲೆ ಸೂಜಿಯ ಬುಡದಲ್ಲಿ ಬಿರುಕಿನ ಪದರ ಮೂಡುತ್ತದೆ. ಗಾಳಿ ಬಂದರೆ ಮುಗಿಯಿತು.

ಎರಡನೇ ದಿನ ಲಿಟಲ್ ಅನ್ನಪೂರ್ಣಾ ಹತ್ತಿದೆವು. ಹೆಸರು ಹಿಮಾಲಯದ ಅನ್ನಪೂರ್ಣೆಯದ್ದೇ, ಎತ್ತರ 2,570 ಮೀಟರ್. ಉತ್ತರದ ಕಡೆಯಿಂದ ಹಗ್ಗ ಬೇಡ, ನಡೆದೇ ಹೋಗಬಹುದು. ದಕ್ಷಿಣಕ್ಕೆ ಮಾತ್ರ ಕಡಿದ ಹಾಗೆ ಪ್ರಪಾತ. ಅನ್ನಪೂರ್ಣೆಯ ನೆತ್ತಿಯ ಮೇಲೆ ಉಪವಾಸ ಇರಬಾರದು ಅಂತ ಗೆಳೆಯ ಗಂಟು ಬಿಚ್ಚಿದ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ. ಬೆಟ್ಟ ಹತ್ತುವವರಿಗೆ ಇದಕ್ಕಿಂತ ಒಳ್ಳೆ ಬುತ್ತಿ ಇನ್ನೊಂದಿಲ್ಲ. ಹಗುರ, ಕೆಡದು, ಬೇಯಿಸುವ ಗೋಜಿಲ್ಲ. ಕೆಳಗೆ ಬಿಳಿ ಮೇಕೆಯೊಂದು ಮರಿಯ ಜೊತೆ ಬಂಡೆ ನೆಕ್ಕುತ್ತಿತ್ತು. ಅವಕ್ಕೆ ಉಪ್ಪಿನ ಆಸೆ. ನಮ್ಮಂಥವರು ಮೂತ್ರ ಮಾಡಿದ ಜಾಗ ಹುಡುಕಿ ನೆಕ್ಕುತ್ತವೆ. ಬೆವರು ಹೀರಿದ ಬ್ಯಾಗಿನ ಪಟ್ಟಿಯನ್ನೂ ಬಿಡುವುದಿಲ್ಲ.

ಮೇಲಿಂದ ನೋಡಿದಾಗ ಕಣಿವೆಯ ಲೆಕ್ಕವೆಲ್ಲ ಬಣ್ಣದಲ್ಲೇ ಬರೆದ ಹಾಗಿತ್ತು. ಕೆಳಗೆ ದಟ್ಟ ಹಸಿರು. ಅದು ಮೇಲೆ ಬರುತ್ತಾ ತೆಳ್ಳಗಾಗಿ ನಿಲ್ಲುತ್ತದೆ. ಅದರ ಮೇಲೂ ಹಳದಿ ಮುಂದುವರಿದು ಬರಿ ಬಂಡೆಯವರೆಗೂ ಹತ್ತುತ್ತದೆ. ಬೆಳೆಯುವ ಕಾಲದ ಸರಾಸರಿ ಉಷ್ಣತೆ 6–7 ಡಿಗ್ರಿಗಿಂತ ಕೆಳಗಿಳಿದರೆ ಜಗತ್ತಿನಲ್ಲಿ ಎಲ್ಲಿಯೂ ಮರ ಮರವಾಗಿ ಬೆಳೆಯುವುದು ಕಷ್ಟ. ಆ ಗಡಿಯ ಕೊನೆಯ ಮೆಟ್ಟಿಲಲ್ಲಿ ಇಲ್ಲಿ ನಿಂತಿರುವುದು ಲಾರ್ಚ್. ಪಶ್ಚಿಮಕ್ಕೆ ನೋಡಿದರೆ ಹಳದಿಯೇ ಇಲ್ಲ. ನಮ್ಮ ಘಟ್ಟದ ಹಾಗೆಯೇ ಈ ಕ್ಯಾಸ್ಕೇಡ್ ಸಾಲಿಗೂ ಪಶ್ಚಿಮದಲ್ಲಿ ಮಳೆ ಸುರಿದು ಪೂರ್ವ ಒಣಗುತ್ತದೆ. ಈ ಲಾರ್ಚ್ ಒಣ ಬದಿಯ ಮರ. ಅವಸರವೂ ಇಲ್ಲ ಅದಕ್ಕೆ. ಒಂದಷ್ಟು ಬೀಜ ಕಟ್ಟಲು 80 ವರ್ಷವಾದರೂ ಬೇಕು. ನಾಲ್ಕುನೂರು ಐದುನೂರು ವರ್ಷದ ಮರಗಳು ಸಾಮಾನ್ಯ.

ಸಸ್ಯಶಾಸ್ತ್ರದಲ್ಲಿ ಈ ಮರದ ಹೆಸರು ಲ್ಯಾರಿಕ್ಸ್ ಲಯಾಲಿ. ಡೇವಿಡ್ ಲಯಲ್ ಎಂಬ ಸ್ಕಾಟ್ಲೆಂಡಿನ ವೈದ್ಯನ ಹೆಸರು ಅದು. 1858ರ ನಂತರ ಅಮೆರಿಕಕ್ಕೂ ಬ್ರಿಟಿಷ್ ನೆಲಕ್ಕೂ ಗಡಿ ಗುರುತಿಸುವ ತಂಡದಲ್ಲಿ ಇದ್ದವನು, ಆಗಲೇ ಇದನ್ನು ಸಂಗ್ರಹಿಸಿದ. ಅದಕ್ಕೂ ಮೊದಲು 1839ರಿಂದ 1843ರವರೆಗೆ ದಕ್ಷಿಣ ಧ್ರುವದ ಕಡೆ ಹೋದ ಎರಡು ಹಡಗುಗಳಲ್ಲಿ ಒಂದರಲ್ಲಿ ಸಹಾಯಕ ವೈದ್ಯನಾಗಿದ್ದ. ಇನ್ನೊಂದು ಹಡಗಿನ ಸಹಾಯಕ ವೈದ್ಯ ಜೋಸೆಫ್ ಹೂಕರ್. ಆ ಹೂಕರ್ 1848ರ ಹೊತ್ತಿಗೆ ಸಿಕ್ಕಿಂ ಬೆಟ್ಟಗಳನ್ನು ಅಲೆಯುತ್ತಾ ಹಿಮಾಲಯದ ಲಾರ್ಚನ್ನು ನೋಡಿದ. ಹೌದು, ನಮ್ಮ ದೇಶದಲ್ಲೂ ಲಾರ್ಚ್ ಇದೆ. ಸಿಕ್ಕಿಂನ ಲಾಚೆನ್, ಲಾಚುಂಗ್ ಕಣಿವೆಗಳಲ್ಲಿ, ಅರುಣಾಚಲದಲ್ಲಿ, 3,000 ಮೀಟರ್ ಆಸುಪಾಸು ಮತ್ತು ಅದಕ್ಕೂ ಮೇಲೆ. ಅದೂ ಶರತ್ಕಾಲದಲ್ಲಿ ಹಳದಿಯಾಗಿ ಉದುರುತ್ತದೆ. ಲಾಟರಿ, ವೀಸಾ ಯಾವುದೂ ಬೇಡ. ಇವರ ದಾಯಾದಿಯೊಬ್ಬ ಸೈಬೀರಿಯಾದ ತೈಮಿರ್‌ನಲ್ಲಿದ್ದಾನೆ, 72 ಡಿಗ್ರಿ ಉತ್ತರಕ್ಕೂ ಆಚೆ. ಅದಕ್ಕಿಂತ ಉತ್ತರಕ್ಕೆ ಭೂಮಿಯಲ್ಲಿ ಕಾಡೇ ಇಲ್ಲ. ಅಲ್ಲಿ ಬೇಸಿಗೆಯಲ್ಲಿ ಕರಗುವುದು ಮೇಲಿನ ತೆಳು ಮಣ್ಣು ಮಾತ್ರ, ಕೆಳಗೆ ವರ್ಷವಿಡೀ ಗಡ್ಡೆ. ಬಾಯಾರಿಕೆಗೆ ಒಗ್ಗಿದವರೇ ಅಲ್ಲಿ ಉಳಿಯುವುದು.

ಮೂರನೇ ದಿನ ಇಳಿಯುವಾಗ ಗಾಳಿ ಎದ್ದಿತು. ಸೂಜಿಗಳು ಹಳದಿ ಜಡಿಮಳೆಯ ಹಾಗೆ ಬಿದ್ದವು. ಟೀ ಲೋಟದಲ್ಲಿ, ಟೋಪಿಯಲ್ಲಿ, ಅಂಗಿಯ ಕಾಲರಿನೊಳಗೆ. ಆಗಲೇ ಬೋಳಾಗಿದ್ದ ಒಂದು ಕೊಂಬೆಯ ಗಂಟನ್ನು ಉಗುರಿನಿಂದ ಮುಟ್ಟಿ ನೋಡಿದೆ. ತುದಿಯಲ್ಲಿ ಸಾಸಿವೆಯಷ್ಟು ಮೊಗ್ಗು, ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ಮುಂದಿನ ವರ್ಷದ ಕುಚ್ಚು ಅದರೊಳಗೆ.

ಸಿಗ್ನಲ್ ಸಿಕ್ಕ ಕೂಡಲೇ ಅವ್ವನಿಗೆ ಹಬ್ಬದ ಫೋನು ಮಾಡಿದೆ. ಮರದ ಫೋಟೋ ಕಳಿಸಿದ್ದೆ, ಚಂದ ಅಂದಳು. ಮನೆಗೆ ಬಂದು ರೊಟ್ಟಿ ಕಟ್ಟಿದ್ದ ಬಟ್ಟೆ ಕೊಡವಿದರೆ ಒಂದು ಹಿಡಿ ಸೂಜಿ ಉದುರಿತು. ಅದನ್ನು ಅಂಗೈಯಲ್ಲಿ ಹಿಡಿದು ವಿಡಿಯೋದಲ್ಲಿ ತೋರಿಸಿ, ಬನ್ನಿ ಬದಲಿಗೆ ಈ ಬಂಗಾರ ತಗೋ ಅಂದೆ. ಅವ್ವ ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿದಳು.

"ಬಂಗಾರ ಅಂತಿ, ಕಸ ಐತಲ್ಲೋ ಇದು."